ಹಿರಿಯರ ನಗುವಿಗೆ ಅಡ್ಡ ಬರುವ ಸಣ್ಣ ಸಂಗತಿಗಳು

(ಹಿರಿಯರಿಗೂ ಅವರ ಮನೆಯವರಿಗೂ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲುಗಳಲ್ಲಿ ಕೂತಿರುವವರು ದಯವಿಟ್ಟು ಮುಂದೆ ಬನ್ನಿ. ಯಾಕೆ ಅನ್ನುವುದು ಸ್ವಲ್ಪ ಹೊತ್ತಿಗೇ ಗೊತ್ತಾಗುತ್ತದೆ.

"ಅಪ್ಪ ಮೊದಲಿನ ಹಾಗೆ ನಗೋದೇ ಇಲ್ಲ", "ಅಮ್ಮ ಎಲ್ಲರ ಮಧ್ಯೆ ಇದ್ದರೂ ಸುಮ್ಮನೆ ಕೂತಿರ್ತಾರೆ" ಎಂದು ಮಕ್ಕಳು ಹೇಳುತ್ತಾರೆ. ವಯಸ್ಸಾಯಿತಲ್ಲ ಎಂದು ಕೇಳಿದವರೂ ತಲೆಯಾಡಿಸುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ. ಅದು ಅಲ್ಲಿಗೆ ಮುಗಿಯಬಾರದು ಎನ್ನುವುದಕ್ಕೇ ಈ ಉಪನ್ಯಾಸ. ಹಾಸ್ಯವನ್ನು ಸವಿಯುವ ಶಕ್ತಿ ಅಷ್ಟು ಸುಲಭವಾಗಿ ಸವೆಯುವಂಥದ್ದಲ್ಲ. ಸವೆಯುವುದು ಕಿವಿ, ದವಡೆ, ಕಣ್ಣು, ಮೂತ್ರ ಹಿಡಿದಿಡುವ ಸ್ನಾಯು. ಅದರ ಮೇಲೆ ಕೂರುವ ಜಾಗ ಸರಿಯಿರುವುದಿಲ್ಲ, ಸೇರುವ ಹೊತ್ತು ಸರಿಯಿರುವುದಿಲ್ಲ. ಇವುಗಳಲ್ಲಿ ಹೆಚ್ಚಿನವಕ್ಕೆ ಪರಿಹಾರವಿದೆ. ಆ ಪರಿಹಾರ ಏನು, ಅದು ಎಲ್ಲಿ ಎಡವುತ್ತದೆ ಎನ್ನುವುದನ್ನು ನೋಡೋಣ.

ಮೊದಲು ನಗು ಹುಟ್ಟುವ ಬಗೆ. ಅಮೆರಿಕದ ಮೇರಿಲ್ಯಾಂಡ್‌ನ ನರವಿಜ್ಞಾನಿ ರಾಬರ್ಟ್ ಪ್ರೊವೈನ್ ಮತ್ತು ಅವರ ವಿದ್ಯಾರ್ಥಿಗಳು ರಸ್ತೆ, ಮಾಲ್, ಕಾಲೇಜು ಆವರಣಗಳಲ್ಲಿ ಜನ ನಕ್ಕ ಸುಮಾರು 1,200 ಸಂದರ್ಭಗಳನ್ನು ಗಮನಿಸಿ ಬರೆದಿಟ್ಟರು. ನಗುವಿಗೆ ಮುಂಚಿನ ಮಾತು ಜೋಕಿನಂತೆ ಇದ್ದದ್ದು ನೂರಕ್ಕೆ 20ಕ್ಕೂ ಕಡಿಮೆ. ಉಳಿದದ್ದೆಲ್ಲ "ಎಲ್ಲಿ ಕಾಣೆಯಾಗಿದ್ದೆ ಮಾರಾಯ" ಎನ್ನುವ ಥರದ ಸಾಮಾನ್ಯ ಮಾತು. ಒಬ್ಬರೇ ಇರುವಾಗ ನಗುವುದಕ್ಕಿಂತ ಜೊತೆಯಲ್ಲಿ ಜನರಿದ್ದಾಗ ನಗುವುದು ಸುಮಾರು 30 ಪಟ್ಟು ಹೆಚ್ಚು ಎಂದೂ ಅವರು ಕಂಡುಕೊಂಡರು. ಹಾಗಾಗಿ ಅಪ್ಪನಿಗೆ ದಿನಕ್ಕೆ ಹತ್ತು ಜೋಕು ವಾಟ್ಸಾಪ್‌ನಲ್ಲಿ ಕಳಿಸುವುದರಿಂದ ಅಷ್ಟೇನೂ ಆಗುವುದಿಲ್ಲ. ಅವರು ಜನರ ನಡುವೆ ಇರಬೇಕು, ಆ ಜನ ಆಡಿದ್ದು ಅವರಿಗೆ ಕೇಳಿಸಬೇಕು.

ಕೇಳಿಸಬೇಕು ಎಂದೆನಲ್ಲ, ಅಲ್ಲೇ ದೊಡ್ಡ ತೊಡಕಿರುವುದು. 60 ದಾಟಿದವರಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ದಿನಬಳಕೆಗೆ ತೊಂದರೆ ಕೊಡುವಷ್ಟು ಕಿವಿಮಾಂದ್ಯ ಇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಯಸ್ಸಿನಿಂದ ಬರುವ ಕಿವಿಮಾಂದ್ಯದಲ್ಲಿ ಮೊದಲು ಹೋಗುವುದು ಕೀಚಲು, ಅಂದರೆ ಹೆಚ್ಚಿನ ಕಂಪನದ ಸದ್ದು. ಅ, ಆ, ಊ, ಓ ಇವೆಲ್ಲ ಚೆನ್ನಾಗಿ ಕೇಳಿಸುತ್ತವೆ. ಸ, ಶ, ಕ, ತ, ಪ, ಹ ಇವುಗಳ ಮೊನೆ ಮಸುಕಾಗುತ್ತದೆ. ಕಾಲು, ಸಾಲು, ಪಾಲು, ಹಾಲು ನಾಲ್ಕೂ ಒಂದೇ ಥರ ಕಿವಿಗೆ ಬೀಳುತ್ತವೆ. ಅದಕ್ಕೇ ಹಿರಿಯರು "ಕೇಳಿಸುತ್ತೆ, ಏನಂತ ಗೊತ್ತಾಗಲ್ಲ" ಎನ್ನುತ್ತಾರೆ. ಅವರು ಹೇಳುತ್ತಿರುವುದು ಅಕ್ಷರಶಃ ನಿಜ.

ತಮಾಷೆಯ ಮಾತಿಗೆ ಇದು ಇನ್ನೂ ಹೆಚ್ಚಿನ ಪೆಟ್ಟು. ಕತೆಯ ಮುಕ್ಕಾಲು ಭಾಗವನ್ನು ಗಟ್ಟಿಯಾಗಿ ಹೇಳುವವರು ಕೊನೆಯ ಮಾತನ್ನು ದನಿ ತಗ್ಗಿಸಿ, ಬೇಗ, ತಾವೇ ನಗುತ್ತ ಹೇಳುತ್ತಾರೆ. ನಗು ಇರುವುದೇ ಆ ಕೊನೆಯ ಮಾತಿನಲ್ಲಿ. ಎಲ್ಲರೂ ಗೊಳ್ಳೆಂದಾಗ ಅಜ್ಜ ಒಂದು ಕ್ಷಣ ತಡವಾಗಿ ಸುಮ್ಮನೆ ಹಲ್ಲುಬಿಡುತ್ತಾರೆ. "ಏನಂದೆ?" ಎಂದು ಕೇಳಿದರೆ "ಏನಿಲ್ಲ ಬಿಡಿ" ಎಂಬ ಉತ್ತರ ಬರುತ್ತದೆ. ದಯವಿಟ್ಟು ಈ "ಏನಿಲ್ಲ ಬಿಡಿ" ಎನ್ನುವುದನ್ನು ಮನೆಯಲ್ಲಿ ಇವತ್ತಿನಿಂದಲೇ ನಿಲ್ಲಿಸಿ. ನಾಲ್ಕು ಸಲ ಹಾಗೆ ಅನ್ನಿಸಿಕೊಂಡವರು ಐದನೇ ಸಲ ಕೇಳುವುದಿಲ್ಲ. ಆಮೇಲೆ ಕೋಣೆಯಿಂದ ಆಚೆ ಬರುವುದನ್ನೂ ಕಡಿಮೆ ಮಾಡುತ್ತಾರೆ.

ಏನು ಮಾಡಬೇಕು? ಮೊದಲು ಕಿವಿಯೊಳಗೆ ಗುಗ್ಗೆ ಗಟ್ಟಿಯಾಗಿದೆಯೇ ಎಂದು ಇಎನ್‌ಟಿ ವೈದ್ಯರ ಹತ್ತಿರ ನೋಡಿಸಿ. ಹಿರಿಯರಲ್ಲಿ ಇದು ಬಹಳ ಸಾಮಾನ್ಯ. ಕೆಲವು ದಿನ ಹನಿ ಹಾಕಿ, ಮೆತ್ತಗಾದ ಮೇಲೆ ತೆಗೆಸಿದರೆ ಮುಗಿಯಿತು. ಬಡ್ಸ್, ಹೇರ್‌ಪಿನ್, ಬೆಂಕಿಕಡ್ಡಿ ಹಾಕಿದರೆ ಗುಗ್ಗೆ ಇನ್ನಷ್ಟು ಒಳಗೆ ಹೋಗಿ ತಮಟೆಗೆ ಒತ್ತಿಕೊಳ್ಳುತ್ತದೆ. ಬಿಸಿ ಎಣ್ಣೆ ಬಿಡುವುದಂತೂ ಬೇಡವೇ ಬೇಡ. ಗುಗ್ಗೆ ತೆಗೆದ ಮೇಲೂ ತೊಂದರೆ ಇದ್ದರೆ ಆಡಿಯೊಮೆಟ್ರಿ, ಅಂದರೆ ಕಿವಿ ಎಷ್ಟು ಕೇಳಿಸುತ್ತದೆ ಎಂದು ಅಳೆಯುವ ಪರೀಕ್ಷೆ, ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಈ ಕೆಲಸವನ್ನೇ ಮಾಡುತ್ತಿದೆ. ಜಿಲ್ಲಾ ಆಸ್ಪತ್ರೆಯಲ್ಲೂ ವಿಚಾರಿಸಿ.

ಶ್ರವಣಯಂತ್ರ ಕೊಂಡವರಲ್ಲಿ ಅನೇಕರ ಯಂತ್ರ ಕೊನೆಗೆ ಸೇರುವುದು ಮೇಜಿನ ಡ್ರಾಯರು. ಮೊದಲ ದಿನವೇ ಮದುವೆ ಮನೆಗೆ ಹಾಕಿಕೊಂಡು ಹೋಗುವುದು ಇದಕ್ಕೆ ಒಂದು ಕಾರಣ. ಅಲ್ಲಿ ವಾಲಗ, ಪಾತ್ರೆ, ಮಕ್ಕಳ ಕೂಗು ಎಲ್ಲ ಒಟ್ಟಿಗೇ ನುಗ್ಗಿ ತಲೆ ಚಿಟ್ಟು ಹಿಡಿಯುತ್ತದೆ. ವರ್ಷಗಟ್ಟಲೆ ಆ ಸದ್ದುಗಳಿಲ್ಲದೆ ಇದ್ದ ಮಿದುಳಿಗೆ ಅವನ್ನು ಮತ್ತೆ ವಿಂಗಡಿಸುವುದಕ್ಕೆ ವಾರಗಳು ಬೇಕು. ಮೊದಲ ವಾರ ದಿನಕ್ಕೆ ಒಂದೆರಡು ಗಂಟೆ, ಸದ್ದಿಲ್ಲದ ಕೋಣೆಯಲ್ಲಿ, ಒಬ್ಬರ ಜೊತೆ ಮಾತು. ಎರಡನೇ ವಾರ ಇಬ್ಬರ ಜೊತೆ. ಗುಂಪು ಕೊನೆಗೆ. ತಮ್ಮ ದನಿಯೇ ಡಬ್ಬದೊಳಗಿಂದ ಬಂದಂತೆ ಕೇಳಿಸಿದರೆ, ಯಂತ್ರ ಕುಂಯ್ಗುಟ್ಟಿದರೆ, ಅದನ್ನು ಹೊಂದಿಸಿ ಕೊಡುವುದು ಕೊಟ್ಟವರ ಕೆಲಸ. ಎರಡು ಮೂರು ಸಲ ಹೋಗಿಬರಬೇಕಾಗುತ್ತದೆ, ಬೇಸರಪಡಬೇಡಿ. ಗುಂಡಿ ಸೆಲ್ಲಿನ ಮೇಲಿನ ಅಂಟುಪಟ್ಟಿ ಕಿತ್ತ ಕೂಡಲೇ ಒಳಗೆ ಹಾಕಬಾರದು. ಗಾಳಿ ಒಳಹೊಕ್ಕ ಮೇಲೆಯೇ ಅದು ಕೆಲಸ ಮಾಡುವುದು, ಒಂದು ನಿಮಿಷ ಬಿಟ್ಟು ಹಾಕಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ರಾತ್ರಿ ಯಂತ್ರವನ್ನು ಸಿಲಿಕಾ ಜೆಲ್ ಪೊಟ್ಟಣವಿರುವ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಲಿ.

ಮನೆಯವರ ಪಾಲಿನ ಕೆಲಸವೂ ಇದೆ. ಮೊದಲು ಟಿವಿ ಆರಿಸಿ, ಮಿಕ್ಸಿ ನಿಲ್ಲಿಸಿ. ಮೂರು ನಾಲ್ಕು ಅಡಿ ಹತ್ತಿರ ಬಂದು, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ಕೂತು, "ಅಪ್ಪಾ" ಎಂದು ಕರೆದು, ಅವರು ತಿರುಗಿದ ಮೇಲೆ ಮಾತು ಶುರುಮಾಡಿ. ಕಿರುಚಬೇಡಿ. ಕಿರುಚಿದಾಗ ಸ್ವರ ಮಾತ್ರ ದೊಡ್ಡದಾಗುತ್ತದೆ, ವ್ಯಂಜನ ಇನ್ನೂ ಕಲಸಿಹೋಗುತ್ತದೆ, ಕಿವಿಗೆ ನೋವೂ ಆಗುತ್ತದೆ. ದನಿ ಸ್ವಲ್ಪ ತಗ್ಗಿಸಿ, ಮಾತು ಬಿಡಿಸಿ ಆಡಿ. ತಮಾಷೆಯ ಕೊನೆಯ ಮಾತನ್ನು ನಗು ತಡೆದುಕೊಂಡು ಸ್ಪಷ್ಟವಾಗಿ ಹೇಳಿ, ಆಮೇಲೆ ನಗಿ. ಅರ್ಥವಾಗಲಿಲ್ಲವೆಂದರೆ ಅದೇ ಪದಗಳನ್ನು ಮತ್ತೆ ಮತ್ತೆ ಹೇಳುವ ಬದಲು ಬೇರೆ ಪದಗಳಲ್ಲಿ ಹೇಳಿ. ನಿಮ್ಮನ್ನು ಮುಂದಕ್ಕೆ ಕರೆದದ್ದೂ ಇದೇ ಕಾರಣಕ್ಕೆ.

ಕಣ್ಣಿನ ವಿಷಯ ಚಿಕ್ಕದು. 20ರ ಕಣ್ಣಿಗೆ ಹೋಲಿಸಿದರೆ 60ರ ಕಣ್ಣಿನ ಒಳಪದರಕ್ಕೆ ತಲುಪುವ ಬೆಳಕು ಸುಮಾರು ಮೂರನೇ ಒಂದು ಭಾಗ. ಎದುರಿಗಿರುವವರ ಹುಬ್ಬು ಏರಿದ್ದು, ತುಟಿಯಂಚಿನ ಕಿರುನಗು ಕಾಣಿಸದಿದ್ದರೆ ತಮಾಷೆ ಯಾವುದು, ನಿಜ ಯಾವುದು ಎಂದೇ ತಿಳಿಯುವುದಿಲ್ಲ. ನಡುಮನೆಯ ದೀಪ ಹೆಚ್ಚಿಸಿ, ಪೊರೆ ಬಂದಿದ್ದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಡಿ.

ಇನ್ನು ಹಲ್ಲು. ಬಾಯಿಗೆ ಸೆರಗು ಅಡ್ಡ ಹಿಡಿದು ನಗುವ ಅಜ್ಜಿಯರನ್ನು ನೀವು ನೋಡಿದ್ದೀರಿ. ಕೆಲವರಿಗೆ ಅದು ನಾಚಿಕೆ, ಕೆಲವರಿಗೆ ಹಲ್ಲುಸೆಟ್ಟು ಉದುರೀತೆಂಬ ಭಯ. ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ವರ್ಷ ವರ್ಷಕ್ಕೂ ಸವೆಯುತ್ತದೆ. ಐದಾರು ವರ್ಷದ ಹಿಂದೆ ಸರಿಯಾಗಿ ಕೂತಿದ್ದ ಸೆಟ್ಟು ಈಗ ಸಡಿಲ. ಹೊಸದನ್ನೇ ಮಾಡಿಸಬೇಕೆಂದಿಲ್ಲ, ಒಳಮೈಗೆ ಹೊಸ ಪದರ ಕೊಟ್ಟು ಬಿಗಿ ಮಾಡಿಕೊಡುತ್ತಾರೆ. ದಂತವೈದ್ಯರಿಗೆ "ರಿಲೈನಿಂಗ್" ಎಂದರೆ ಗೊತ್ತಾಗುತ್ತದೆ. ರಾತ್ರಿ ತೆಗೆದು ತಣ್ಣೀರಿನಲ್ಲಿಡಿ. ಬಿಸಿನೀರು ಹಾಕಿದರೆ ಆಕಾರ ಕೆಡುತ್ತದೆ, ಪೇಸ್ಟಿನಿಂದ ಉಜ್ಜಿದರೆ ಗೀರು ಬೀಳುತ್ತದೆ. ಮೆತ್ತನೆಯ ಬ್ರಶ್ಶು, ಸೋಪು ಸಾಕು. ಬಾಯಿ ಒಣಗಿದ್ದರೂ ಸೆಟ್ಟು ನಿಲ್ಲುವುದಿಲ್ಲ. ಅಲರ್ಜಿ, ಖಿನ್ನತೆ, ಪದೇ ಪದೇ ಮೂತ್ರ ಬರುವುದಕ್ಕೆ ಕೊಡುವ ಕೆಲವು ಮಾತ್ರೆಗಳು ಬಾಯಿ ಒಣಗಿಸುತ್ತವೆ. ಮಾತ್ರೆಯ ಚೀಟಿ ತೋರಿಸಿ ವೈದ್ಯರನ್ನು ಕೇಳಿ, ನೀವೇ ನಿಲ್ಲಿಸಬೇಡಿ.

ಬಡತನದ ರೇಖೆಗಿಂತ ಕೆಳಗಿರುವ ಕುಟುಂಬದ, 60 ದಾಟಿದವರಿಗೆ 2017ರಲ್ಲಿ ಶುರುವಾದ ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಶ್ರವಣಯಂತ್ರ, ಹಲ್ಲುಸೆಟ್ಟು, ಕನ್ನಡಕ, ಊರುಗೋಲು, ವಾಕರ್ ಉಚಿತವಾಗಿ ಸಿಗುತ್ತವೆ. ಶಿಬಿರಗಳ ಮೂಲಕ ಹಂಚುತ್ತಾರೆ. ನಿಮ್ಮ ಜಿಲ್ಲೆಯಲ್ಲಿ ಯಾವಾಗ ಎನ್ನುವುದನ್ನು ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ ವಿಚಾರಿಸಿ.

ಮುಂದಿನ ವಿಷಯವನ್ನು ಯಾರೂ ಸಭೆಯಲ್ಲಿ ಎತ್ತುವುದಿಲ್ಲ. ಎತ್ತದೇ ಇರುವುದರಿಂದಲೇ ಎಷ್ಟೋ ಹೆಂಗಸರು ನಗುವ ಕೂಟಕ್ಕೇ ಬರುವುದನ್ನು ಬಿಟ್ಟಿದ್ದಾರೆ. ನಕ್ಕರೆ, ಕೆಮ್ಮಿದರೆ, ಸೀನಿದರೆ ಹನಿ ಮೂತ್ರ ಹೋಗುವುದು. ಹೆರಿಗೆ, ಮುಟ್ಟು ನಿಂತ ನಂತರದ ಬದಲಾವಣೆ, ತೂಕ, ಹಳೆಯ ಕೆಮ್ಮು, ಮಲಬದ್ಧತೆ ಇವೆಲ್ಲದರಿಂದ ಕಿಬ್ಬೊಟ್ಟೆಯ ತಳದ ಸ್ನಾಯು ಸಡಿಲವಾಗಿರುತ್ತದೆ. ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆ ಆದ ಗಂಡಸರಿಗೂ ಆಗುತ್ತದೆ. ನೀರು ಕುಡಿಯುವುದನ್ನು ಕಡಿಮೆ ಮಾಡಿದರೆ ಮೂತ್ರ ಗಾಢವಾಗಿ ಉರಿ, ಸೋಂಕು ಸೇರಿಕೊಳ್ಳುತ್ತವೆ. ಮಾಡಬೇಕಾದ್ದು ವ್ಯಾಯಾಮ. ಗಾಳಿ ಹೋಗದಂತೆ ತಡೆಯುವಾಗ ಯಾವ ಸ್ನಾಯುವನ್ನು ಮೇಲಕ್ಕೆ ಸೆಳೆಯುತ್ತೀರೋ ಅದೇ. ಅದನ್ನು ಬಿಗಿಹಿಡಿದು ಐದು ಎಣಿಸಿ, ಸಡಿಲಿಸಿ ಐದು ಎಣಿಸಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬಾರದು, ಹೊಟ್ಟೆ, ತೊಡೆ, ಪೃಷ್ಠ ಬಿಗಿಯಬಾರದು. ಹೆಚ್ಚಿನವರು ತಪ್ಪುವುದು ಇಲ್ಲೇ. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡುವುದೂ ಸರಿಯಲ್ಲ. ಫಲ ಕಾಣುವುದಕ್ಕೆ ಎರಡು ಮೂರು ತಿಂಗಳು ಹಿಡಿಯುತ್ತದೆ. ಎರಡು ವಾರಕ್ಕೇ ಬಿಟ್ಟುಬಿಡುವವರು ಬಹಳ. ನಗು ಉಕ್ಕುತ್ತಿದೆ ಎನ್ನುವಾಗಲೇ ಆ ಸ್ನಾಯುವನ್ನು ಬಿಗಿಹಿಡಿಯುವ ರೂಢಿ ಮಾಡಿಕೊಂಡರೆ ಆ ಗಳಿಗೆಗೆ ತಕ್ಷಣದ ರಕ್ಷಣೆ. ಇಷ್ಟಾದರೂ ಸರಿಹೋಗದಿದ್ದರೆ, ಮೂತ್ರದಲ್ಲಿ ರಕ್ತ ಕಂಡರೆ, ವೈದ್ಯರ ಹತ್ತಿರ ಹೋಗಲೇಬೇಕು. ಮಗಳು, ಸೊಸೆ ಕೇಳಿದರೆ ಸಂಕೋಚವಾಗಬಹುದು. ಒಂದು ಚೀಟಿಯಲ್ಲಿ ಬರೆದು ಕೊಟ್ಟರೂ ಆದೀತು, ಆದರೆ ವಿಷಯ ಅವರಿಗೆ ಮುಟ್ಟಲಿ.

ಈಗ ನಗೆಕೂಟಗಳು. ಡಾ. ಮದನ್ ಕಟಾರಿಯ 1995ರ ಮಾರ್ಚ್ 13ರಂದು ಮುಂಬಯಿಯ ಒಂದು ಪಾರ್ಕಿನಲ್ಲಿ ಐದು ಜನರೊಂದಿಗೆ ಮೊದಲ ಕೂಟ ಶುರುಮಾಡಿದರು. ಮೊದಲಿಗೆ ಜೋಕು ಹೇಳಿ ನಗುತ್ತಿದ್ದರು. ಎರಡು ವಾರದೊಳಗೆ ಒಳ್ಳೆಯ ಜೋಕು ಖಾಲಿಯಾಗಿ, ಮನಸ್ಸಿಗೆ ನೋವಾಗುವಂಥವು ಬರತೊಡಗಿದವು. ಆಗ ಜೋಕು ಕೈಬಿಟ್ಟು, ಚಪ್ಪಾಳೆ, ಉಸಿರು, "ಹೊ ಹೊ ಹ ಹ ಹ" ಎನ್ನುವ ವ್ಯಾಯಾಮಕ್ಕೆ ಬಂದರು. ಮೊದಲು ಬಲವಂತದ ನಗು, ಪಕ್ಕದವರ ಮುಖ ನೋಡುತ್ತ ನೋಡುತ್ತ ನಿಜವಾದ ನಗು. ಒಂದು ಬಗೆಯ ನಗು 30ರಿಂದ 40 ಸೆಕೆಂಡು, ನಡುವೆ ಎರಡು ದೀರ್ಘ ಉಸಿರು, ಒಟ್ಟು 15–20 ನಿಮಿಷ ಸಾಕು. ಹರ್ನಿಯಾ, ಇತ್ತೀಚಿನ ಶಸ್ತ್ರಚಿಕಿತ್ಸೆ, ಹತೋಟಿಗೆ ಬಾರದ ಬಿಪಿ, ಎದೆನೋವು, ಗ್ಲಾಕೊಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ), ರಕ್ತ ಬೀಳುವ ಮೂಲವ್ಯಾಧಿ ಇರುವವರು ವೈದ್ಯರನ್ನು ಕೇಳದೆ ಜೋರು ನಗೆಯ ವ್ಯಾಯಾಮಕ್ಕೆ ಹೋಗಬಾರದು. ನನ್ನ ಅಭಿಪ್ರಾಯ ಕೇಳಿದರೆ, ಕೂಟದ ನಿಜವಾದ ಲಾಭ ಇರುವುದು ವ್ಯಾಯಾಮದ ನಂತರ ಅಲ್ಲೇ ಬೆಂಚಿನ ಮೇಲೆ ಕೂತು ಕಾಫಿ ಕುಡಿಯುವ ಅರ್ಧ ಗಂಟೆಯಲ್ಲಿ. ಅದನ್ನು ತಪ್ಪಿಸಿ ಮನೆಗೆ ಓಡಬೇಡಿ.

ಪಾರ್ಕಿನವರೆಗೆ ನಡೆಯಲಾಗದವರಿಗೆ ಬೀದಿಯಲ್ಲೇ ಒಂದು ಹರಟೆಕಟ್ಟೆ ಮಾಡಬಹುದು. ಆರರಿಂದ ಎಂಟು ಜನ. ಹತ್ತು ದಾಟಿದರೆ ಎರಡು ಮೂರು ಮಾತುಕತೆ ಒಟ್ಟಿಗೇ ನಡೆದು, ಕಿವಿ ಮಂದವಾದವರು ಮತ್ತೆ ಹೊರಗುಳಿಯುತ್ತಾರೆ. ಹೊತ್ತು ಸಂಜೆ ನಾಲ್ಕೂವರೆಯಿಂದ ಐದೂವರೆ. ಬೆಳಿಗ್ಗೆ ತೆಗೆದುಕೊಂಡ, ಮೂತ್ರ ಹೆಚ್ಚು ಹೋಗಿಸುವ ಮಾತ್ರೆಯ ಜೋರು ಅಷ್ಟುಹೊತ್ತಿಗೆ ಇಳಿದಿರುತ್ತದೆ, ಕತ್ತಲಾಗುವ ಮುಂಚೆ ಮನೆ ಸೇರಬಹುದು. ಶೌಚಾಲಯ ಹತ್ತಿರವಿರಬೇಕು, ಮೆಟ್ಟಿಲು ಇರಬಾರದು. ಕೈಯಿರುವ ಕುರ್ಚಿ ಬೇಕು, ಕೂರುವ ಎತ್ತರ 17–18 ಇಂಚು. ಪ್ಲಾಸ್ಟಿಕ್ ಸ್ಟೂಲ್ ಕೊಟ್ಟರೆ ಕಾಲು ಗಂಟೆಗೆ ಬೆನ್ನು ನೋವು ಬಂದು ಎದ್ದುಹೋಗುತ್ತಾರೆ, ನಾವು ಅವರಿಗೆ ಆಸಕ್ತಿ ಇಲ್ಲ ಎಂದುಕೊಳ್ಳುತ್ತೇವೆ.

ಮಾತಿನ ವಿಷಯ ಸಣ್ಣದಾಗಿರಲಿ. "ನಿಮ್ಮ ಬದುಕಿನ ಸಂತೋಷದ ಕ್ಷಣ ಹೇಳಿ" ಎಂದರೆ ಎಲ್ಲರೂ ಗಂಭೀರವಾಗಿಬಿಡುತ್ತಾರೆ. "ಬಸ್ಸಿನ ಕಿಟಕಿಯಿಂದ ಟವೆಲು ಹಾಕಿ ಸೀಟು ಹಿಡಿದದ್ದು", "ಸೀಮೆಎಣ್ಣೆ ಕ್ಯೂನಲ್ಲಿ ಆದ ಜಗಳ", "ಬಾಡಿಗೆ ಸೈಕಲ್ಲು ಕಲಿಯುವಾಗ ಬಿದ್ದದ್ದು", "ಮದುವೆಯಲ್ಲಿ ಬೀಗರ ಮೇಲೆ ಹಾಡು ಕಟ್ಟಿದ್ದು" ಎಂದು ಹೇಳಿ ನೋಡಿ. ಉತ್ತರ ಕರ್ನಾಟಕದ ಹಿರಿಯ ಹೆಂಗಸರಿದ್ದರೆ ಗಂಡನ ಹೆಸರು ಹೇಳುವ ಒಡಪು ಕೇಳಿ, ಒಬ್ಬರು ಶುರುಮಾಡಿದರೆ ಉಳಿದವರು ಬಿಡುವುದಿಲ್ಲ. ಕೂಟ ಕೆಡುವುದು ಮೂರು ಕಾರಣಕ್ಕೆ: ಒಬ್ಬರೇ ಮಾತು ಹಿಡಿದುಬಿಡುವುದು, ಮಾತು ರಾಜಕೀಯಕ್ಕೋ ಮಂಡಿನೋವಿಗೋ ತಿರುಗುವುದು, ಯಾರಾದರೂ ಮೊಬೈಲು ತೆಗೆದು ಜೋಕು ಓದುವುದು. ಓದುವಾಗ ಕಣ್ಣು ಪರದೆಯ ಮೇಲಿರುತ್ತದೆ, ಮುಖ ಯಾರಿಗೂ ಕಾಣುವುದಿಲ್ಲ.

ಮಾತಾಡುವುದಕ್ಕೆ ಸಂಕೋಚಪಡುವವರಿಗೆ ಆಟವೇ ದಾರಿ. ಚೌಕಾಬಾರ ನಮ್ಮ ಹಿರಿಯರಲ್ಲಿ ಹೆಚ್ಚಿನವರಿಗೆ ಗೊತ್ತು. ತೊಂದರೆ ಏನೆಂದರೆ ಅದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಹುಣಸೆಬೀಜ, ಬಳೆಚೂರು ಇಟ್ಟು ಆಡುವ ಆಟ. ಮಂಡಿ ಮಡಿಸಲಾಗದವರಿಗೆ, ಬೆರಳು ಸೆಟೆದವರಿಗೆ ಆಗುವುದಿಲ್ಲ. ಮೇಜಿಗೆ ತನ್ನಿ. ದಪ್ಪ ರಟ್ಟಿನ ಮೇಲೆ ಒಂದೊಂದು ಮನೆ ಮೂರೂವರೆ ಇಂಚಿನಂತೆ ಐದು ಸಾಲು, ಐದು ಕಂಬ ಬರೆದರೆ ಹದಿನೇಳೂವರೆ ಇಂಚಿನ ಚೌಕವಾಗುತ್ತದೆ. ಬಿಳಿ ರಟ್ಟು, ಕಪ್ಪು ಮಾರ್ಕರ್, ಕಾಲಿಂಚು ದಪ್ಪದ ಗೆರೆ. ಕಾಯಿಗೆ ನೀರಿನ ಬಾಟಲಿ ಮುಚ್ಚಳ ಒಳ್ಳೆಯದು. ಹಿಡಿಯಲು ಸುಲಭ, ನಾಲ್ಕೂ ಒಂದೇ ಮನೆಯಲ್ಲಿ ಕೂತರೂ ಜಾಗವಿರುತ್ತದೆ. ನೀಲಿ, ಹಸಿರು ಒಟ್ಟಿಗೆ ಬೇಡ. ವಯಸ್ಸಾದ ಕಣ್ಣಿನ ಮಸೂರ ಹಳದಿಗಟ್ಟಿರುವುದರಿಂದ ಇವೆರಡರ ವ್ಯತ್ಯಾಸ ತಿಳಿಯುವುದು ಕಷ್ಟ. ಬಿಳಿ ರಟ್ಟಿನ ಮೇಲೆ ಎದ್ದು ಕಾಣುವ, ಒಂದಕ್ಕೊಂದು ಚೆನ್ನಾಗಿ ಬೇರೆಯಾಗಿರುವ ಬಣ್ಣಗಳಿರಲಿ. ಕವಡೆಯನ್ನು ಮೇಜಿನ ಮೇಲೆ ಎಸೆದರೆ ಕೆಳಗೆ ಹಾರುತ್ತದೆ, ಬಗ್ಗಿ ಹೆಕ್ಕುವಾಗ ಬೀಳುವ ಭಯ. ಅಂಚಿರುವ ತಟ್ಟೆಯೊಳಗೆ ಒಂದು ಬಟ್ಟೆ ಹಾಸಿ ಅದರಲ್ಲಿ ಎಸೆಯಲಿ. ಶ್ರವಣಯಂತ್ರ ಹಾಕಿದವರಿಗೆ ಕವಡೆಯ ಚಟಪಟ ಸದ್ದೂ ಕಿರಿಕಿರಿ ಕೊಡುವುದಿಲ್ಲ. ನಾಲ್ಕೂ ಕವಡೆ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಎರಡಕ್ಕೂ ಇನ್ನೊಂದು ಆಟ ಸಿಗುತ್ತದೆ. ಇನ್ನೇನು ಹಣ್ಣಾಗಬೇಕಿದ್ದ ಕಾಯಿಯನ್ನು ಮೊಮ್ಮಗಳು ಹೊಡೆದಾಗ, ತಾತ ಅದಕ್ಕೆ ಸೇಡು ತೀರಿಸಿಕೊಂಡಾಗ ಬರುವ ಗದ್ದಲ ಇದೆಯಲ್ಲ, ಅದಕ್ಕಾಗಿಯೇ ಇಷ್ಟೆಲ್ಲ ಸಿದ್ಧತೆ. ಮಕ್ಕಳಿಗೆ ಒಂದು ಮಾತು: ಬೇಕೆಂದೇ ಸೋಲಬೇಡಿ. ಹಿರಿಯರಿಗೆ ಅದು ತಕ್ಷಣ ಗೊತ್ತಾಗುತ್ತದೆ, ನೋವಾಗುತ್ತದೆ.

ನೋವಿನ ಮಾತು ಬಂದದ್ದರಿಂದ ಹೇಳುತ್ತೇನೆ. ಅಜ್ಜಿ ತಮ್ಮ ಮರೆವಿನ ಬಗ್ಗೆ ತಾವೇ ತಮಾಷೆ ಮಾಡಿದರೆ ಅದು ಅವರ ಹಕ್ಕು. ಅದನ್ನೇ ನೆಂಟರ ಮುಂದೆ ಸೊಸೆಯೋ ಮಗನೋ ಹೇಳಿ ನಗಿಸಿದರೆ ಅದು ಅವಮಾನ. ಮರೆವು, ಕಿವುಡು, ಬಟ್ಟೆ ಒದ್ದೆಯಾದದ್ದು, ಎಡವಿ ಬಿದ್ದದ್ದು ಇವು ಮನೆಯವರು ಮುಟ್ಟಬಾರದ ವಿಷಯಗಳು. ಅವರು ಬಿದ್ದ ವಿಷಯವನ್ನು ನಗೆಗೀಡು ಮಾಡಿದರೆ ಮುಂದಿನ ಸಲ ಬಿದ್ದಾಗ ಯಾರಿಗೂ ಹೇಳುವುದಿಲ್ಲ, ಅದು ಅಪಾಯ.

ನಗು ನಿಂತದ್ದು ಕಾಯಿಲೆಯ ಗುರುತೂ ಆಗಿರಬಹುದು. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಕೆಟ್ಟಿದೆ, ಊಟ ಸೇರುತ್ತಿಲ್ಲ ಎಂದರೆ ಅದು ಖಿನ್ನತೆಯಿರಬಹುದು. ವಯಸ್ಸಿನ ಲೆಕ್ಕಕ್ಕೆ ಹಾಕಬೇಡಿ. ಥೈರಾಯ್ಡ್, ಬಿ12 ಕೊರತೆಯಿಂದಲೂ ಮಂಕು ಕವಿಯುತ್ತದೆ, ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಪಾರ್ಕಿನ್ಸನ್ ಇದ್ದವರ ಮುಖದ ಸ್ನಾಯು ಬಿಗಿದು ನಗು ಮುಖಕ್ಕೆ ಬರುವುದಿಲ್ಲ, ಒಳಗೆ ಖುಷಿಯಾಗಿಯೇ ಇರಬಹುದು. ಮುಖ ನೋಡಿ ತೀರ್ಮಾನಿಸದೆ ಬಾಯಿಬಿಟ್ಟು ಕೇಳಿ. ಸೌಮ್ಯವಾಗಿದ್ದವರು ಇದ್ದಕ್ಕಿದ್ದಂತೆ ಬೇರೆಯವರ ಕಷ್ಟ ಕಂಡು ನಗತೊಡಗಿದರೆ ನರರೋಗ ತಜ್ಞರಿಗೆ ತೋರಿಸಿ, ಕೆಲವು ಬಗೆಯ ಡಿಮೆನ್ಶಿಯಾ (ಮಿದುಳಿನ ಶಕ್ತಿ ಕುಂದುವ ಕಾಯಿಲೆ) ಹೀಗೆ ಶುರುವಾಗುತ್ತದೆ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡು:

"ಒಬ್ಬಳೇ ಇರುತ್ತೇನೆ. ದಿನವೆಲ್ಲ ಯಾರೂ ಬರುವುದಿಲ್ಲ. ನಾನೇನು ಮಾಡಲಿ?"

ಅಮ್ಮಾ, ದಿನಕ್ಕೆ ಎರಡು ಕೆಲಸ ಗೊತ್ತುಮಾಡಿಕೊಳ್ಳಿ. ಒಂದು, ನಾಳೆ ನೋಡುವುದಕ್ಕೆ ಏನಾದರೂ ಬದಲಾಗಿರುವಂಥದ್ದು. ಆರೇಳು ಇಂಚು ಆಳದ ಕುಂಡದಲ್ಲಿ ರಾತ್ರಿ ನೆನೆಸಿದ ಮೆಂತ್ಯ ಚೆಲ್ಲಿ, ಕಾಲಿಂಚು ಮಣ್ಣು ಉದುರಿಸಿ. ಮೂರು ನಾಲ್ಕು ದಿನಕ್ಕೆ ಮೊಳಕೆ ಮೇಲೆ ಬರುತ್ತದೆ, ಮೂರು ನಾಲ್ಕು ವಾರಕ್ಕೆ ಸೊಪ್ಪು ಕೊಯ್ಯಬಹುದು. ನೀರು ಹೆಚ್ಚಾದರೆ ಬುಡ ಕೊಳೆಯುತ್ತದೆ, ಬೆರಳಿಟ್ಟು ನೋಡಿ ಒಣಗಿದ್ದರೆ ಮಾತ್ರ ಹಾಕಿ. ಇನ್ನೊಂದು, ದಿನಕ್ಕೆ ಒಬ್ಬರಿಗೆ ಫೋನು. ಅದಕ್ಕೆ ಹೊತ್ತು ನಿಗದಿಯಾಗಿರಲಿ. ಸೊಪ್ಪು ಕೊಯ್ದ ದಿನ ಪಕ್ಕದ ಮನೆಗೆ ಒಂದು ಹಿಡಿ ನೀವೇ ಕೊಟ್ಟುಬನ್ನಿ.

"ಮೊಮ್ಮಗ ಅಮೆರಿಕದಲ್ಲಿದ್ದಾನೆ. ವಿಡಿಯೊ ಕಾಲ್‌ನಲ್ಲಿ 'ಊಟ ಆಯ್ತಾ' ಆದ ಮೇಲೆ ಮಾತೇ ಬರುವುದಿಲ್ಲ."

ಎಲ್ಲರ ಮನೆಯಲ್ಲೂ ಹೀಗೇ. ದನಿ ಸ್ವಲ್ಪ ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತಾರೆ, ತಮಾಷೆಯ ಹದ ತಪ್ಪುತ್ತದೆ. ಒಬ್ಬರು ಮುಗಿಸಿ ಕೈ ಎತ್ತಿದ ಮೇಲೆ ಇನ್ನೊಬ್ಬರು ಎನ್ನುವ ನಿಯಮ ಮಾಡಿಕೊಳ್ಳಿ. ಫೋನನ್ನು ಡಬ್ಬಗಳ ಮೇಲೆ ಕಣ್ಣಿನ ಮಟ್ಟಕ್ಕೆ ಒರಗಿಸಿಡಿ, ಕಿಟಕಿ ಬೆನ್ನ ಹಿಂದೆ ಇರಬಾರದು. ಆ ಕಡೆ ಒಂದು ಸಲಕ್ಕೆ ಒಬ್ಬರೇ ಕೂರಲಿ. ಹತ್ತು ನಿಮಿಷ ಸಾಕು, ಆದರೆ ವಾರದ ಅದೇ ದಿನ, ಅದೇ ಹೊತ್ತು. ಮಾತಿಗೆ ಬದಲು ವಸ್ತು ತೋರಿಸಿ: ಒಂದು ವಾರ ಈಳಿಗೆಮಣೆ, ಇನ್ನೊಂದು ವಾರ ಶಾವಿಗೆ ಒರಳು, ಅದೇನೆಂದು ಅವನು ಊಹಿಸಲಿ. ಮುಂದಿನ ವಾರ ಅವನು ತೋರಿಸಿದ್ದನ್ನು ನೀವು ಊಹಿಸಿ. ತಪ್ಪು ಊಹೆ ಎಷ್ಟು ಬಂದರೂ ಉತ್ತರ ಬೇಗ ಹೇಳಿಬಿಡಬೇಡಿ.